ಬಲಕ್ಕೆ ತಿರುಗಿದರೆ ನಿಲ್ಲುವ ಗಾಡಿ

ನಮ್ಮ ಮನೆಯ ಯೆಜ್ಡಿ ಬೈಕಿಗೆ ಎರಡು ತಿಂಗಳು ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ನೆಟ್ಟಗೆ ಓಡಿಸಿದರೆ ಓಡುತ್ತಿತ್ತು. ಚಾಮುಂಡಿಬೆಟ್ಟವನ್ನೂ ಏದುಸಿರಿಲ್ಲದೆ ಹತ್ತಿ ಇಳಿಯುತ್ತಿತ್ತು. ಆದರೆ ಮೆಟ್ರೊಪೋಲ್ ಸರ್ಕಲ್ ಹತ್ತಿರ ಯೂ ಟರ್ನ್ ತೆಗೆದುಕೊಳ್ಳಲು ಹೋದೆನೋ, ದೀಪ ಊದಿದ ಹಾಗೆ ಎಂಜಿನ್ ಆರಿಹೋಗುತ್ತಿತ್ತು. ಹಿಂದಿನ ಆಟೊದವರ ಬೈಗುಳ ಕೇಳಿಸಿಕೊಳ್ಳುತ್ತ ಪಕ್ಕಕ್ಕೆ ತಳ್ಳಿ ಒಂದು ಕಿಕ್ ಹೊಡೆದರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ ಕಾರಣ ಹುಡುಕುವುದು ಸಲೀಸಿತ್ತು. ನಾಲ್ಕು ಸಲ ತಿರುಗಿಸಿದರೆ ಒಂದು ಸಲ ಆರುತ್ತಿತ್ತು. ಮೆಕ್ಯಾನಿಕ್ ಎದುರು ನಿಲ್ಲಿಸಿ ತೋರಿಸಲು ಹೋದರೆ ಆ ಒಂದು ಸಲವೂ ಇಲ್ಲ. ಆಸ್ಪತ್ರೆಯ ಬಾಗಿಲು ಕಂಡ ಕೂಡಲೇ ಕೆಮ್ಮು ನಿಲ್ಲಿಸುವ ಮಗುವಿನ ಥರ.

ನಿಧಾನ ಮಾಡಿದಾಗ ಆರುತ್ತದೆ, ಅಂದಮೇಲೆ ಸ್ಲೋ ಸ್ಪೀಡ್ ಸರಿಯಿಲ್ಲ ಎಂದು ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದರು. ಆಮೇಲೆ ಪ್ಲಗ್ ಬದಲಾಯಿತು. ಕಂಡೆನ್ಸರ್ ಬದಲಾಯಿತು. ಇಗ್ನಿಷನ್ ಕಾಯಿಲ್ ಬದಲಾಯಿತು. ಹೊಸ ಕಾಯಿಲ್ ಹಾಕಿದ ಮರುದಿನ ಬೆಳಿಗ್ಗೆಯೇ ಅದೇ ಸರ್ಕಲ್ಲಿನಲ್ಲಿ ಗಾಡಿ ನಿಂತಾಗ, 'ಪಾಯಿಂಟ್ ಸೆಟ್ ಒಂದು ಬಾಕಿ ಇದೆ ಸಾರ್, ಅದನ್ನೂ ಹಾಕಿಬಿಡೋಣ' ಎಂದರು. ಹಳೆಯ ಗಾಡಿ ಇಟ್ಟುಕೊಂಡವರೆಲ್ಲರ ಮನೆಯಲ್ಲೂ ಇಂಥದೊಂದು ಡಬ್ಬಿ ಇರುತ್ತದೆ. ತಪ್ಪೇ ಮಾಡದೆ ಕೆಲಸದಿಂದ ವಜಾ ಆದ ಬಿಡಿಭಾಗಗಳು ಅದರಲ್ಲಿ ತುಂಬಿರುತ್ತವೆ.

ಮೈಸೂರಿನವರಿಗೆ ಯೆಜ್ಡಿಯ ಪರಿಚಯ ಬೇಕಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲೇ ತಯಾರಿಸಲು ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಬಾಗಿಲು ಬಿತ್ತು. ಅಂದರೆ ಅಲ್ಲಿಂದ ಹೊರಬಿದ್ದ ಕಟ್ಟಕಡೆಯ ಗಾಡಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ನಮ್ಮದು ಅಪ್ಪ ಕೊಂಡದ್ದು, ಅದಕ್ಕಿಂತ ಹಿರಿಯದು. ಒಂದು ಸಿಲಿಂಡರ್, ಎರಡು ಸೈಲೆನ್ಸರ್, 249 ಸಿಸಿ, ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್. ಕೊನೆಕೊನೆಯ ಕೆಲವು ಮಾದರಿಗಳಿಗೆ ಪಾಯಿಂಟಿಲ್ಲದ ಸಿಡಿಐ ಇಗ್ನಿಷನ್ ಬಂತಾದರೂ, ಇಂದು ರಸ್ತೆಯಲ್ಲಿ ಕಾಣುವ ಹಳಬರಲ್ಲಿ ಬಹಳಷ್ಟು 6 ವೋಲ್ಟಿನ, ಪಾಯಿಂಟಿನ ಗಾಡಿಗಳೇ.

ಇವುಗಳ ವೈರಿಂಗನ್ನು ಅರ್ಧ ಹಾಳೆಯಲ್ಲಿ ಬರೆದು ಮುಗಿಸಬಹುದು. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ದಾಟಿ, ಹೆಡ್‌ಲೈಟ್ ಡೂಮಿನಲ್ಲಿರುವ ಕೀ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಯಿಲಿಗೆ ಇಳಿದು, ಕಾಯಿಲಿನಿಂದ ಬಲಗಡೆ ಕವರಿನೊಳಗಿನ ಪಾಯಿಂಟಿಗೆ ಹೋಗಿ, ಪಾಯಿಂಟಿನಿಂದ ಎಂಜಿನ್ ಮೈಗೆ, ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ವಾಪಸ್ ಬ್ಯಾಟರಿಗೆ ಬರುತ್ತದೆ. ಪಾಯಿಂಟ್ ಇರುವ ಹಳೇ ಬುಲೆಟ್ಟಿಗೂ ರಾಜದೂತಿಗೂ ದಾರಿ ಹೆಚ್ಚುಕಡಿಮೆ ಇದೇ. ಇಷ್ಟು ಸರಳವಾದ ದಾರಿಯಲ್ಲಿ ಎಲ್ಲಿ ತಡೆಯಾಗಿದೆಯೆಂದು ಹುಡುಕುವ ಬದಲು ದಾರಿಯಲ್ಲಿರುವ ಅಂಗಡಿಗಳನ್ನೆಲ್ಲ ಕೆಡವಿ ಕಟ್ಟುತ್ತ ಹೋಗುವುದು ನಮ್ಮ ಗ್ಯಾರೇಜುಗಳ ರೂಢಿ. ಗ್ಯಾರೇಜನ್ನೇ ಯಾಕೆ ಬೈಯಬೇಕು, ನನ್ನ ರೂಢಿಯೂ ಅದೇ ಆಗಿತ್ತು.

ಅದನ್ನು ಬಿಡಿಸಿದವರು ಮಂಡಿಮೊಹಲ್ಲಾದ ಗಲ್ಲಿಯೊಂದರಲ್ಲಿ ತಗಡಿನ ಶೆಡ್ ಹಾಕಿಕೊಂಡಿರುವ ಹಿರಿಯ ಮೇಸ್ತ್ರಿ. ಡಬ್ಬಿಯ ಸಮೇತ ಹೋಗಿ ಕಥೆಯೆಲ್ಲ ಒಪ್ಪಿಸಿದೆ. ಡಬ್ಬಿಯತ್ತ ಅವರು ತಿರುಗಿಯೂ ನೋಡಲಿಲ್ಲ. 'ಪಾರ್ಟ್ ಎಲ್ಲೂ ಓಡೋಗಲ್ಲ ಸಾರ್, ಆಮೇಲೆ ತಂದ್ರಾಯ್ತು. ಮೊದ್ಲು ಕರೆಂಟ್ ಎಲ್ಲಿವರ್ಗೂ ಬಂದ್ ಕೂತೈತೆ ನೋಡಣ' ಎಂದು ಗೋಡೆಯ ಮೊಳೆಯಲ್ಲಿ ನೇತುಬಿದ್ದಿದ್ದ ಒಂದು ಬಲ್ಬು ಕೈಗೆತ್ತಿಕೊಂಡರು. 6 ವೋಲ್ಟಿನ ಪುಟ್ಟ ಬಲ್ಬು, ಅದಕ್ಕೆ ಬೆಸುಗೆ ಹಾಕಿದ ಎರಡು ವೈರು, ತುದಿಗೊಂದೊಂದು ಕ್ಲಿಪ್. ಟೆಸ್ಟ್ ಲ್ಯಾಂಪ್ ಎಂದರೆ ಇಷ್ಟೇ. ಆದರೆ ಅದು ಏನು ಹೇಳುತ್ತದೆಂದು ತಿಳಿಯಬೇಕಾದರೆ ಕಾಯಿಲು ಮತ್ತು ಪಾಯಿಂಟು ಏನು ಮಾಡುತ್ತವೆಂದು ಗೊತ್ತಿರಬೇಕು.

ಆರು ವೋಲ್ಟಿನಿಂದ ಕಿಡಿ ಹಾರುವುದಿಲ್ಲ. ಸಿಲಿಂಡರಿನಲ್ಲಿ ಒತ್ತಿ ಅದುಮಿದ ಪೆಟ್ರೋಲ್ ಗಾಳಿಯ ನಡುವೆ, ಪ್ಲಗ್ಗಿನ ಅರ್ಧ ಮಿಲಿಮೀಟರಿಗೂ ತುಸು ಹೆಚ್ಚಿನ ಸಂದಿಯನ್ನು ಹಾರಬೇಕಾದರೆ ಸಾವಿರಗಟ್ಟಲೆ ವೋಲ್ಟ್ ಬೇಕು. ಆರನ್ನು ಸಾವಿರಗಳಾಗಿಸುವುದು ಕಾಯಿಲಿನ ಕೆಲಸ. ಅದರೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲಿನಷ್ಟು ತೆಳು ತಂತಿಯ ಸಾವಿರಾರು ಸುತ್ತು. ಪಾಯಿಂಟು ಎಂಬ ಪುಟ್ಟ ಸ್ವಿಚ್ಚು ಮುಚ್ಚಿರುವಷ್ಟು ಹೊತ್ತು ದಪ್ಪ ತಂತಿಯಲ್ಲಿ ಮೂರು ನಾಲ್ಕು ಆಂಪಿಯರ್ ಹರಿಯುತ್ತ ಒಳಗಿನ ಕಬ್ಬಿಣ ಅಯಸ್ಕಾಂತವಾಗುತ್ತದೆ. ಪಾಯಿಂಟು ತಟ್ಟನೆ ತೆರೆದಾಗ ಹರಿವು ಕಡಿಯುತ್ತದೆ, ಅಯಸ್ಕಾಂತ ಕುಸಿಯುತ್ತದೆ, ಆ ಕುಸಿತದ ಹೊಡೆತ ತೆಳು ತಂತಿಯಲ್ಲಿ ಸಾವಿರಾರು ವೋಲ್ಟಾಗಿ ಎದ್ದುಬರುತ್ತದೆ. ಮನೆಯಲ್ಲಿ ಜೋರಾಗಿ ಬರುತ್ತಿರುವ ನಲ್ಲಿಯನ್ನು ಫಟ್ಟನೆ ಮುಚ್ಚಿದರೆ ಗೋಡೆಯೊಳಗಿನ ಪೈಪು 'ಧಡ್' ಎನ್ನುತ್ತದಲ್ಲ, ಅದೇ ತಮಾಷೆ. ಕಿಡಿ ಹುಟ್ಟುವುದು ಪಾಯಿಂಟು ಕೂಡಿದಾಗ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಅದು ಹುಟ್ಟುವುದು ಅಗಲಿದಾಗ.

ಅಗಲುವ ಆ ಕ್ಷಣದಲ್ಲಿ ದಪ್ಪ ತಂತಿಯ ಕರೆಂಟು ಸುಮ್ಮನೆ ಕಡಿದುಕೊಳ್ಳಲು ಒಪ್ಪುವುದಿಲ್ಲ. ತೆರೆಯುತ್ತಿರುವ ಪಾಯಿಂಟಿನ ನಡುವೆಯೇ ಹಾರಲು ನೋಡುತ್ತದೆ. ಹಾಗೆ ಹಾರಿದರೆ ಹರಿವು ಎಳೆದಾಡಿಕೊಂಡು ನಿಧಾನಕ್ಕೆ ನಿಲ್ಲುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತದೆ, ಪಾಯಿಂಟೂ ಸುಡುತ್ತದೆ. ಪಕ್ಕದಲ್ಲಿ ಕೂತ ಕಂಡೆನ್ಸರ್, ಕಿರುಬೆರಳಿನ ತುದಿಯಷ್ಟು ದಪ್ಪದ ತಗಡಿನ ಡಬ್ಬಿ, ಆ ಕ್ಷಣದ ಕರೆಂಟನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕಂಡೆನ್ಸರ್ ಕೈಕೊಟ್ಟಿದೆಯೋ ಎಂದು ತಿಳಿಯಲು ಸಂಜೆ ಹೊತ್ತು ಬಲಗಡೆ ಕವರ್ ತೆಗೆದು, ಎಂಜಿನ್ ಓಡುವಾಗ ಪಾಯಿಂಟನ್ನೇ ನೋಡಿ. ಆಗೊಂದು ಈಗೊಂದು ಸಣ್ಣ ನೀಲಿ ಚುಕ್ಕೆ ಕಂಡರೆ ಚಿಂತೆಯಿಲ್ಲ. ವೆಲ್ಡಿಂಗ್ ಅಂಗಡಿಯ ಹಾಗೆ ಒಂದೇ ಸಮನೆ ಬೆಳಗುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಎಂಜಿನ್ ನಿಲ್ಲಿಸಿ ಪಾಯಿಂಟನ್ನು ಬೆರಳಲ್ಲಿ ಅಗಲಿಸಿದರೆ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಅದಕ್ಕೆ ಸರಿಹೊಂದುವ ಗುಬ್ಬಿ ಎದ್ದಿರುವುದೂ ಕಾಣಬಹುದು. ಒಂದರ ಲೋಹ ಸುಟ್ಟು ಇನ್ನೊಂದಕ್ಕೆ ಅಂಟಿರುವುದು ಅದು. ಅಂಥ ಪಾಯಿಂಟಿಗೆ ಫೀಲರ್ ಗೇಜ್ ತೂರಿಸಿ ಸಂದಿ ಅಳೆದರೆ ಗುಬ್ಬಿಯ ಮೇಲಿನ ಅಳತೆ ಸಿಗುತ್ತದೆಯೇ ಹೊರತು ನಿಜವಾದ ಸಂದಿಯಲ್ಲ.

ಈಗ ಬಲ್ಬಿಗೆ ಬರೋಣ. ಕಾಯಿಲಿನಿಂದ ಪಾಯಿಂಟಿಗೆ ಹೋಗುವ ವೈರಿನ ಟರ್ಮಿನಲ್ಲಿಗೆ ಒಂದು ಕ್ಲಿಪ್, ಎಂಜಿನ್ನಿನ ಬೋಳು ಲೋಹಕ್ಕೆ ಇನ್ನೊಂದು. ಕೀ ಆನ್ ಮಾಡಿ, ಪ್ಲಗ್ ಬಿಚ್ಚಿಟ್ಟು, ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಪಾಯಿಂಟು ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಹತ್ತಿ ಆರಿ, ಹತ್ತಿ ಆರಿ ಎನ್ನುತ್ತಿದ್ದರೆ ಬ್ಯಾಟರಿಯಿಂದ ಪಾಯಿಂಟಿನವರೆಗಿನ ದಾರಿ ಬಹುಮಟ್ಟಿಗೆ ಸರಿಯಿದೆ. ಅನುಮಾನ ಕಾಯಿಲಿನ ತೆಳು ತಂತಿ, ಹೈ ಟೆನ್ಷನ್ ವೈರು, ಪ್ಲಗ್ ಕ್ಯಾಪು, ಪ್ಲಗ್ಗಿನ ಕಡೆಗೆ ಹೋಗಬೇಕು. ಬಲ್ಬು ಆರುವುದೇ ಇಲ್ಲವೆಂದರೆ ಪಾಯಿಂಟು ಮುಚ್ಚಿದಂತೆ ಕಂಡರೂ ಕೂಡುತ್ತಿಲ್ಲ: ನಡುವೆ ಎಣ್ಣೆ, ಕಿಲುಬು, ಇಲ್ಲವೇ ಅಲ್ಲಿಗೆ ಹೋಗುವ ವೈರು ತುಂಡಾಗಿದೆ. ಹತ್ತುವುದೇ ಇಲ್ಲವೆಂದರೆ ಎರಡು ದಾರಿ. ಕರೆಂಟು ಕಾಯಿಲಿಗೇ ಬಂದಿಲ್ಲ. ಅಥವಾ ಬಂದದ್ದು ಪಾಯಿಂಟಿಗೆ ಮುಂಚೆಯೇ ಎಲ್ಲೋ ಅರ್ತ್ ಆಗಿದೆ. ಕಂಡೆನ್ಸರಿನ ವೈರು ಬಿಡಿಸಿ ನೋಡಿ. ಬಿಡಿಸಿದ ಕೂಡಲೇ ಬಲ್ಬು ಹತ್ತಿದರೆ ಕಂಡೆನ್ಸರ್ ಒಳಗೇ ಶಾರ್ಟ್ ಆಗಿ ಕೂತಿದೆ. ಐದು ನಿಮಿಷದ ಕೆಲಸ, ಒಂದು ರೂಪಾಯಿಯ ಪಾರ್ಟೂ ಬದಲಾಗಿಲ್ಲ.

ಕಿಡಿ ನೋಡುವುದರಲ್ಲೂ ನಾವು ಮೋಸ ಹೋಗುತ್ತೇವೆ. ಪ್ಲಗ್ಗನ್ನು ಸಿಲಿಂಡರ್ ಹೆಡ್ಡಿಗೆ ಒರಗಿಸಿ ಕಿಕ್ ಹೊಡೆದು, 'ಕರೆಂಟ್ ಬರ್ತಾ ಇದೆ ಬಿಡಿ' ಎನ್ನುವುದು ಎಲ್ಲ ಕಡೆ ನಡೆಯುವ ಪರೀಕ್ಷೆ. ಬಯಲು ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಗಾಳಿ ಅದುಮಿಕೊಂಡಾಗ ಅದೇ ಸಂದಿಗೆ ಎಷ್ಟೋ ಪಟ್ಟು ಹೆಚ್ಚು ವೋಲ್ಟ್ ಬೇಕು. ಹೊರಗೆ ಹಳದಿ ಬಣ್ಣದ ಸಪ್ಪೆ ಕಿಡಿ ಕೊಡುವ ಕಾಯಿಲು ಒಳಗೆ ಕೈಚೆಲ್ಲುತ್ತದೆ. ನೀಲಿಯಾಗಿ, 'ಟಪ್' ಎಂದು ಕೇಳಿಸುವ ಹಾಗೆ, ಐದಾರು ಮಿಲಿಮೀಟರ್ ದೂರ ಹಾರಿದರೆ ಮಾತ್ರ ಅದಕ್ಕೆ ಮಾರ್ಕು ಕೊಡಬೇಕು. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟು ಸ್ಟ್ರೋಕ್ ಗಾಡಿಯಲ್ಲಿ ಪ್ಲಗ್ಗಿನ ಎರಡು ತುದಿಗಳ ನಡುವೆ ಕೂದಲೆಳೆಯಂಥ ಮಸಿಯ ಸೇತುವೆ ಬೆಳೆದು ಕಿಡಿಯನ್ನೇ ನುಂಗಿಬಿಡುವುದೂ ಉಂಟು. ಅದಕ್ಕೇ ಹಳೆಯ ಜಾವಾ ಸವಾರರ ಜೇಬಿನಲ್ಲಿ ಸದಾ ಒಂದು ಪ್ಲಗ್ ಪಾನ ಮತ್ತು ಒಂದು ಮೈಕೊ ಪ್ಲಗ್ ಇರುತ್ತಿತ್ತು. ನಮ್ಮಪ್ಪ ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದರು. ಅಮ್ಮ ಒಗೆಯಲು ತೆಗೆದ ಕರವಸ್ತ್ರಗಳಲ್ಲೆಲ್ಲ ಕಪ್ಪು ಉಂಗುರಗಳಿರುತ್ತಿದ್ದವು.

ಬಿಸಿಯಾದ ಮೇಲೆ ನಿಲ್ಲುವ ಗಾಡಿಯದು ಇನ್ನೊಂದು ಪುರಾಣ. ಹತ್ತು ಹನ್ನೆರಡು ಕಿಲೋಮೀಟರ್ ಸೊಗಸಾಗಿ ಬಂದು ಮುಗ್ಗರಿಸಿ ನಿಲ್ಲುತ್ತದೆ. ಮರದ ಕೆಳಗೆ ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಡುತ್ತದೆ. ಕಾಯಿಲಿನ ಒಳಗಿನ ತಂತಿಯ ಮೆರುಗು ಬಿಟ್ಟಿದ್ದರೆ ಬಿಸಿಗೆ ಹಿಗ್ಗಿ ಶಾರ್ಟ್ ಆಗುತ್ತದೆ, ತಣಿದರೆ ಬಿಡುತ್ತದೆ. ಕಂಡೆನ್ಸರಿಗೂ ಅದೇ ಚಾಳಿ. ಹಾಗೆಂದು ಎರಡನ್ನೂ ಕೊಂಡು ತರುವ ಮೊದಲು ಒಂದು ಕೆಲಸ ಮಾಡಿ: ಗಾಡಿ ನಿಂತ ಆ ಗಳಿಗೆಯಲ್ಲಿ, ತಣಿಯಲು ಬಿಡದೆ, ಜೇಬಿನಲ್ಲಿರುವ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಕಿಡಿ ನೋಡಿ. ಒಳ್ಳೆಯ ಕಿಡಿ ಇದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿ. 'ಸುಯ್' ಎಂದು ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಕಟ್ಟಿ, ಟ್ಯಾಂಕಿನೊಳಗೆ ನಿರ್ವಾತವಾಗಿ, ಪೆಟ್ರೋಲ್ ಇಳಿಯುವುದು ನಿಂತಿರುತ್ತದೆ. ಮರದ ನೆರಳಿನಲ್ಲಿ ನಿಂತ ಕಾಲು ಗಂಟೆಯಲ್ಲಿ ಗಾಳಿ ಮೆಲ್ಲಗೆ ಸೋರಿ ಒಳಗೆ ಸೇರುತ್ತದೆ, ನಾವು ಕಾಯಿಲು ತಣಿಯಿತು ಎಂದುಕೊಳ್ಳುತ್ತೇವೆ. ಸೂಜಿಯಿಂದ ಚುಚ್ಚಿದರೆ ವಾಸಿಯಾಗುವ ಈ ರೋಗಕ್ಕೆ ಎಷ್ಟು ಕಾಯಿಲುಗಳು ಬಲಿಯಾಗಿವೆಯೋ ದೇವರೇ ಬಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಕರೆಂಟಿನದೆಂದು ಕಾಣುವ ರೋಗದ ಬೇರು ಯಂತ್ರದಲ್ಲೂ ಇರುತ್ತದೆ. ಯೆಜ್ಡಿಯ ಡೈನಮೊ ಕ್ರ್ಯಾಂಕಿನ ಬಲ ತುದಿಯಲ್ಲೇ ಕೂತಿದೆ. ಪಾಯಿಂಟನ್ನು ತೆರೆಯುವ ಕ್ಯಾಮ್ ಕೂಡ ಅಲ್ಲೇ. ಆ ಬದಿಯ ಬೇರಿಂಗ್ ಸವೆದಿದ್ದರೆ ಕ್ರ್ಯಾಂಕು ತೂಗಾಡುತ್ತದೆ, ಅದರೊಂದಿಗೆ ಕ್ಯಾಮೂ ತೂಗಾಡುತ್ತದೆ. ನಿಂತಾಗ 0.4 ಮಿಲಿಮೀಟರ್ ಎಂದು ಹದವಾಗಿ ಇಟ್ಟ ಪಾಯಿಂಟ್ ಸಂದಿ ಓಡುವಾಗ ಸುತ್ತಿಗೊಂದು ಥರ ಇರುತ್ತದೆ. ಆಯಿಲ್ ಸೀಲ್ ಹೋಗಿದ್ದರೆ ಪಾಯಿಂಟಿನ ಮೇಲೆ ಆಯಿಲ್ ಮಂಜು ಕೂರುತ್ತದೆ. ಒರೆಸಿದರೆ ನಾಲ್ಕು ದಿನ ಆರಾಮ, ಐದನೇ ದಿನ ಮತ್ತೆ ಮಿಸ್ಸಿಂಗ್. ವಾರಕ್ಕೊಮ್ಮೆ ಪಾಯಿಂಟ್ ಉಜ್ಜಿಕೊಡುವ ಮೆಕ್ಯಾನಿಕ್ಕಿಗೆ ಇದು ಪಿಂಚಣಿ ಇದ್ದ ಹಾಗೆ.

ಡೈನಮೊ ಮಾತು ಬಂತು, ಡೂಮಿನ ಮೇಲಿನ ಕೆಂಪು ದೀಪದ ಬಗ್ಗೆ ಎರಡು ಮಾತು. ಕೀ ಆನ್ ಮಾಡಿದಾಗ ಅದು ಹತ್ತಬೇಕು, ಎಂಜಿನ್ ವೇಗ ಹಿಡಿದಾಗ ಆರಬೇಕು. ಆರದಿದ್ದರೆ ಚಾರ್ಜ್ ಆಗುತ್ತಿಲ್ಲ: ಕಾರ್ಬನ್ ಬ್ರಷ್ ಸವೆದಿದೆಯೋ, ಆರ್ಮೇಚರಿನ ತಾಮ್ರದ ಪಟ್ಟಿಗಳ ಮೇಲೆ ಮಸಿ ಹತ್ತಿದೆಯೋ, ಡೈನಮೊ ಮತ್ತು ಬ್ಯಾಟರಿಯ ನಡುವಿನ ಕಟೌಟು ಅಂಟಿಕೊಂಡಿದೆಯೋ ನೋಡಬೇಕು. ಹತ್ತುವುದೇ ಇಲ್ಲವೆಂದರೆ ಖುಷಿಪಡುವವರೇ ಹೆಚ್ಚು. ಬಲ್ಬೇ ಹೋಗಿರಬಹುದು, ಬ್ಯಾಟರಿ ಸತ್ತಿರಬಹುದು, ಬ್ರಷ್ ಆರ್ಮೇಚರನ್ನು ಮುಟ್ಟದೆ ಇರಬಹುದು ಎಂದು ಅವರಿಗೆ ಹೊಳೆಯುವುದು ರಾತ್ರಿ ನಂಜನಗೂಡು ರಸ್ತೆಯಲ್ಲಿ ಹೆಡ್‌ಲೈಟು ಮೊಂಬತ್ತಿಯಾದಾಗ. ಮೂರು ಸೆಲ್ಲಿನ ಬ್ಯಾಟರಿ ತುಂಬಿದ್ದರೆ ಸುಮ್ಮನಿರುವಾಗ 6.3 ವೋಲ್ಟಿನ ಮೇಲೆ ತೋರಿಸಬೇಕು. ಎಂಜಿನ್ ಓಡುತ್ತ ಚಾರ್ಜ್ ಆಗುವಾಗ ಏಳರ ಹತ್ತಿರ ಹೋಗಬೇಕು. ಇನ್ನೊಂದು ಎಚ್ಚರಿಕೆ: ಎಂಜಿನ್ ನಿಲ್ಲಿಸಿ ಕೀ ಆನ್ ಬಿಟ್ಟು ಟೀ ಕುಡಿಯಲು ಹೋದಿರೋ, ಪಾಯಿಂಟು ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲಿನಲ್ಲಿ ಒಂದೇ ಸಮನೆ ಕರೆಂಟು ಹರಿದು ಬ್ಯಾಟರಿ ಬಸಿಯುತ್ತದೆ, ಕಾಯಿಲು ದೋಸೆ ಹಂಚಾಗುತ್ತದೆ.

ಆರು ವೋಲ್ಟಿನ ಗಾಡಿಗಳ ದೀಪ ಮಂಕು, ಅದು ಹುಟ್ಟುಗುಣ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಲೆಕ್ಕ ಬೇರೆ ಹೇಳುತ್ತದೆ. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಒಂದು ಜಾಯಿಂಟು ಇದೆ, ಅದರ ಪ್ರತಿರೋಧ ಬರೇ 0.1 ಓಮ್ ಎನ್ನಿ. ಹನ್ನೆರಡು ವೋಲ್ಟಿನ ಗಾಡಿ ಅಲ್ಲಿ ಕಳೆದುಕೊಳ್ಳುವುದು 0.3 ವೋಲ್ಟ್, ನೂರಕ್ಕೆ ಎರಡೂವರೆ. ಆರು ವೋಲ್ಟಿನದು ಕಳೆದುಕೊಳ್ಳುವುದು 0.6 ವೋಲ್ಟ್, ನೂರಕ್ಕೆ ಹತ್ತು. ವೋಲ್ಟ್ ನೂರಕ್ಕೆ ಹತ್ತು ಇಳಿದರೆ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಅಂಥ ಜಾಯಿಂಟು ಹೆಡ್‌ಲೈಟಿನ ದಾರಿಯಲ್ಲಿ ಐದಾರಿವೆ. ಎಲ್ಲವನ್ನೂ ಬಿಚ್ಚಿ, ಉಜ್ಜಿ, ಬಿಗಿದರೆ ಅದೇ ಬಲ್ಬು ನಾಚಿಕೊಳ್ಳುವುದನ್ನು ಬಿಡುತ್ತದೆ. ಹನ್ನೆರಡು ವೋಲ್ಟಿಗೆ ಬದಲಾಯಿಸುವವರ ಮೇಲೆ ನನಗೆ ಸಿಟ್ಟೇನಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರು ಬದಲಾಯಿಸಿಕೊಳ್ಳಲಿ. ಕೊಳೆತ ವೈರನ್ನು ಹಾಗೇ ಉಳಿಸಿಕೊಂಡು ಬದಲಾಯಿಸುತ್ತಾರಲ್ಲ, ಅದು ಮಾತ್ರ ನೋಡಲಾಗುವುದಿಲ್ಲ.

ಜಾಯಿಂಟುಗಳಲ್ಲೆಲ್ಲ ಅತಿ ಹೆಚ್ಚು ಅನ್ಯಾಯಕ್ಕೊಳಗಾದದ್ದು ಅರ್ತ್. ಹೋಗುವ ವೈರಿಗೆ ಬಣ್ಣವಿದೆ, ತೊಗಟೆಯಿದೆ, ಹೆಸರಿದೆ. ವಾಪಸ್ ಬರುವ ದಾರಿ ಇಡೀ ಚಾಸಿ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಗಾಡಿಗೆ ಹೊಸ ಬಣ್ಣ ಹೊಡೆಸಿ ತಂದ ಮೇಲೆ ಹುಟ್ಟುವ ಕರೆಂಟಿನ ತಾಪತ್ರಯಗಳ ಗುಟ್ಟು ಇಲ್ಲಿದೆ. ಈಗಿನ ಪೌಡರ್ ಕೋಟಿಂಗ್ ಎಂದರೆ ಚಾಸಿಗೆ ಹೊದಿಸಿದ ಪ್ಲಾಸ್ಟಿಕ್ ಚರ್ಮ, ಕರೆಂಟು ದಾಟುವುದಿಲ್ಲ. ಬ್ಯಾಟರಿಯ ಅರ್ತ್ ವೈರನ್ನು ಫಳಫಳಿಸುವ ಬಣ್ಣದ ಮೇಲೆ ಬೋಲ್ಟ್ ಹಾಕಿ ಬಿಗಿದರೆ ಬೋಲ್ಟಿನ ಎಳೆಗಳ ಮೂಲಕ ಹೇಗೋ ಒಂದಿಷ್ಟು ಹರಿಯುತ್ತದೆ. ಹಾರ್ನ್ ಒತ್ತಿದರೆ ಹೆಡ್‌ಲೈಟು ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಕಣ್ಣು ಮಿಟುಕಿಸುತ್ತದೆ. ವಾಪಸ್ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ಹಾದು ಮನೆಗೆ ಹೋಗುತ್ತಿದೆ ಎಂದರ್ಥ. ಬೋಲ್ಟಿನಡಿ ಒಂದು ರೂಪಾಯಿ ನಾಣ್ಯದಗಲ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯುವುದು ಬಣ್ಣ ಹೊಡೆಸಿದವರಿಗೆ ಪ್ರಾಣಸಂಕಟ. ಎಂಜಿನ್ನಿನಿಂದ ನೇರ ಬ್ಯಾಟರಿಗೆ ದಪ್ಪನೆಯ ಒಂದು ವೈರು ಎಳೆದರೆ ಆ ಸಂಕಟವೂ ಇಲ್ಲ.

ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದವರನ್ನೂ, ತಾಮ್ರದ ಎಳೆ ಕಟ್ಟಿದವರನ್ನೂ ಕಂಡಿದ್ದೇನೆ. ಫ್ಯೂಸ್ ಪದೇಪದೇ ಹೋಗುತ್ತಿದೆ ಎಂದರೆ ಎಲ್ಲೋ ವೈರು ಚಾಸಿಗೆ ಉಜ್ಜಿ ಬರಿಮೈಯಾಗಿದೆ. ಬೇಗಡೆ ಕರಗುವುದಿಲ್ಲ, ವೈರೇ ಕರಗುತ್ತದೆ. ಆ ವೈರು ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ.

ಮತ್ತೆ ಮಂಡಿಮೊಹಲ್ಲಾಕ್ಕೆ. ಮೇಸ್ತ್ರಿಯ ಬಲ್ಬು ಹತ್ತಿ ಆರಿ ಮಾಡುತ್ತಿತ್ತು. ಪಾಯಿಂಟು ಸರಿಯಿದೆ, ಕಂಡೆನ್ಸರ್ ಶಾರ್ಟ್ ಆಗಿಲ್ಲ. ನಾನು ಕೈಚೀಲದಿಂದ ಮಲ್ಟಿಮೀಟರ್ ತೆಗೆದೆ. ಕೆಲವೇ ನೂರು ರೂಪಾಯಿಗೆ ಸಿಗುವ ಈ ಯಂತ್ರ ಇಟ್ಟುಕೊಂಡವರಿಗೆ ತುಸು ಗತ್ತು ಇರುತ್ತದೆ. ಕಾಯಿಲಿಗೆ ಕರೆಂಟು ಬರುವ ಟರ್ಮಿನಲ್ಲಿಗೆ ಮುಟ್ಟಿಸಿ, 'ನೋಡಿ, 6.2 ಬರ್ತಾ ಇದೆ, ಪೂರ್ತಿ ಇದೆ' ಎಂದೆ. ಅವರು ಉತ್ತರ ಕೊಡದೆ ಬಗ್ಗಿ ಕಿಕ್ಕರನ್ನು ಸ್ವಲ್ಪ ಒತ್ತಿ ಪಾಯಿಂಟು ಮುಚ್ಚುವ ಹಾಗೆ ಮಾಡಿದರು. ಮೀಟರು 5.4ಕ್ಕೆ ಇಳಿಯಿತು. 'ಈಗ್ ಹ್ಯಾಂಡಲ್ ಬಲಕ್ಕೆ ಎಳೀರಿ.' ಎಳೆದೆ. 5.4, 5.3, ಕೊನೆಯ ಅಂಗುಲದಲ್ಲಿ ಧೊಪ್ಪನೆ 2ಕ್ಕೆ ಬಿತ್ತು. ನೆಟ್ಟಗೆ ಮಾಡಿದರೆ ಮತ್ತೆ 5.4. ಪಾಯಿಂಟು ತೆರೆದಿಟ್ಟು ಹ್ಯಾಂಡಲ್ ಹೇಗೆ ತಿರುಗಿಸಿದರೂ 6.2.

ಆ ಎರಡು ತಿಂಗಳಲ್ಲಿ ಮೀಟರು ಹಿಡಿದ ನಾವೆಲ್ಲ ಮುಗ್ಗರಿಸಿದ್ದು ಇಲ್ಲೇ. ಕರೆಂಟು ಹರಿಯದಿರುವಾಗ ವೋಲ್ಟ್ ಅಳೆದರೆ ಹರಿದ ವೈರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಒಂದು ಎಳೆ ಹೇಗೋ ತಾಗಿಕೊಂಡಿದ್ದರೂ ಸಾಕು, ಮೀಟರಿಗೆ ಬೇಕಾದ ಚಿಟಿಕೆ ಕರೆಂಟು ಅದರಲ್ಲಿ ಹಾಯುತ್ತದೆ. ಮೇಸ್ತ್ರಿಯ ಪುಟ್ಟ ಬಲ್ಬಿಗೆ ಬೇಕಾದಷ್ಟೂ ಹಾಯುತ್ತದೆ. ಕಾಯಿಲು ಕೇಳುವ ಮೂರು ಆಂಪಿಯರ್ ಮಾತ್ರ ಹಾಯುವುದಿಲ್ಲ. ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಒತ್ತಡ ಇದ್ದೇ ಇರುತ್ತದೆ. ಕಸ ಕಟ್ಟಿದೆಯೋ ಇಲ್ಲವೋ ಗೊತ್ತಾಗುವುದು ನಲ್ಲಿ ತಿರುವಿದಾಗ. ಅರ್ತ್ ನೋಡುವುದಕ್ಕೂ ಇದೇ ಉಪಾಯ: ಪಾಯಿಂಟು ಮುಚ್ಚಿ, ಕೀ ಆನ್ ಮಾಡಿ, ಮೀಟರಿನ ಒಂದು ಕಡ್ಡಿ ಎಂಜಿನ್ನಿನ ಮೈಗೆ, ಇನ್ನೊಂದು ಬ್ಯಾಟರಿಯ ಅರ್ತ್ ಕಂಬಕ್ಕೆ. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟ್ ತೋರಿಸಿದರೆ ಅಷ್ಟು ದಾರಿಯಲ್ಲೇ ಸೋರಿತು.

ಕೀ ಸ್ವಿಚ್ಚು ಹೆಡ್‌ಲೈಟ್ ಡೂಮಿನಲ್ಲಿರುವುದರಿಂದ ಕಾಯಿಲಿಗೆ ಹೋಗುವ ಕರೆಂಟು ಹ್ಯಾಂಡಲಿನ ಕತ್ತು ದಾಟಿ ಮೇಲೆ ಹೋಗಿ, ಮತ್ತೆ ಅದೇ ಕತ್ತು ದಾಟಿ ಕೆಳಗೆ ಬರಬೇಕು. ಗಾಡಿ ತಿರುಗಿದಾಗಲೆಲ್ಲ ವೈರಿನ ಕಟ್ಟು ಅಲ್ಲಿ ಬಾಗುತ್ತದೆ. ಮೇಸ್ತ್ರಿ ಟ್ಯಾಂಕು ಇಳಿಸಿ, ಕತ್ತಿನ ಹತ್ತಿರ ಕಟ್ಟಿನ ಕಪ್ಪು ಟೇಪು ಬಿಡಿಸಿದರು. ಒಂದು ವೈರಿನ ತೊಗಟೆ ನೋಡಲು ಗಟ್ಟಿಯಾಗಿಯೇ ಇತ್ತು. ಹಿಡಿದು ಬಾಗಿಸಿದರೆ ಒಂದು ಕಡೆ ಮಾತ್ರ ಬೇಯಿಸಿದ ಶಾವಿಗೆಯಂತೆ ಮೆತ್ತಗೆ ಮಡಚಿಕೊಂಡಿತು. ಅಲ್ಲಿ ಬ್ಲೇಡ್ ಹಾಕಿ ಸೀಳಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು. ಎಳೆಗಳು ಒಂದೊಂದಾಗಿ ತುಂಡಾಗಿ, ಮೂರೋ ನಾಲ್ಕೋ ಮಾತ್ರ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ನೆಟ್ಟಗೆ ಹೋಗುವಾಗ ತಾಗುತ್ತಿದ್ದವು, ಬಲಕ್ಕೆ ಎಳೆದಾಗ ಬಿಡುತ್ತಿದ್ದವು.

ಹಳೇ ತುಂಡನ್ನು ಕತ್ತರಿಸಿ, ಹೊಸ ವೈರಿನ ಎರಡು ತುದಿಗೂ ಬೆಸುಗೆ ಹಾಕಿ, ತೋಳು ತೊಡಿಸಿ ಬೆಂಕಿಕಡ್ಡಿಯಲ್ಲಿ ಬಿಸಿ ಮಾಡಿ ಕುಗ್ಗಿಸಿದರು. ಕತ್ತಿನ ಹತ್ತಿರ ಒಂದು ಗೇಣಿನಷ್ಟು ಸಡಿಲ ಬಿಟ್ಟರು. ಎರಡು ಬೆಸುಗೆಯೂ ಬಾಗುವ ಜಾಗದಿಂದ ದೂರವಿರುವ ಹಾಗೆ ನೋಡಿಕೊಂಡರು. ಬೆಸುಗೆ ಹಾಕಿದ ಕಡೆ ವೈರು ಕಡ್ಡಿಯಾಗುತ್ತದೆ, ಬಾಗಿಸಿದರೆ ಅಂಚಿನಲ್ಲೇ ಮುರಿಯುತ್ತದೆ. ಕೀ ತಿರುವಿದೆ, ಕೆಂಪು ದೀಪ ಹತ್ತಿತು, ಎರಡನೇ ಕಿಕ್ಕಿಗೆ ಸ್ಟಾರ್ಟ್. ಗಲ್ಲಿಯಲ್ಲಿ ನಾಲ್ಕು ಸುತ್ತು ಬಲಕ್ಕೇ ತಿರುಗಿಸಿಕೊಂಡು ಬಂದೆ. ಮೀಟರಿನಲ್ಲಿ ಈಗ ಪಾಯಿಂಟು ಮುಚ್ಚಿದಾಗ 5.9.

ಅವರು ಕೈ ಒರೆಸಿಕೊಳ್ಳುತ್ತ, ಕತ್ತರಿಸಿ ತೆಗೆದಿದ್ದ ಒಂದು ಬಿಳಿ ಪ್ಲಾಸ್ಟಿಕ್ ಟೈಯನ್ನು ನೆಲದಿಂದ ಎತ್ತಿ ತೋರಿಸಿದರು. ವೈರಿನ ಕಟ್ಟನ್ನು ಎಡಗಡೆಗೆ ಎಳೆದು ಚಾಸಿಗೆ ಬಿಗಿದಿದ್ದು ಅದು. ಎಡಕ್ಕೆ ತಿರುಗಿಸಿದರೆ ಕಟ್ಟು ಸಡಿಲವಾಗುತ್ತಿತ್ತು. ಪೂರ್ತಿ ಬಲಕ್ಕೆ ತಿರುಗಿಸಿದರೆ ತಂತಿಯ ಹಾಗೆ ಎಳೆದು ನಿಲ್ಲುತ್ತಿತ್ತು. 'ಯಾವನ್ ಸಾರ್ ಇದನ್ನ ಹಿಂಗ್ ಬಿಗ್ದಿರೋನು? ವೈರಿಂಗ್ ಬಗ್ಗೆ ಏನೂ ಗೊತ್ತಿಲ್ದಿರೋನು' ಎಂದರು.

ಹಿಂದಿನ ದಸರಾಕ್ಕೆ ಮುಂಚೆ ಗಾಡಿಗೆ ಮರೂನ್ ಬಣ್ಣ ಹೊಡೆಸಿದ್ದೆ. ಹೊಸ ಬಣ್ಣದ ಪಕ್ಕ ವೈರು ನೇತಾಡುವುದು ಕಾಣಬಾರದೆಂದು, ಒಂದು ಭಾನುವಾರ ಬೆಳಿಗ್ಗೆ ಟ್ಯಾಂಕು ಇಳಿಸಿ ಆ ಟೈ ಹಾಕಿದವನು ನಾನೇ. ಗಾಡಿ ಪೇಂಟ್ ಮಾಡಿಸುವಾಗ ಯಾರೋ ಬಿಗಿದಿರಬೇಕು ಎಂದೆ. ಮೇಸ್ತ್ರಿ ನನ್ನ ಮುಖವನ್ನೊಮ್ಮೆ, ಕೈಚೀಲದ ಹೊರಗೆ ಇಣುಕುತ್ತಿದ್ದ ಅದೇ ಬಿಳಿ ಟೈಗಳ ಪ್ಯಾಕೆಟ್ಟನ್ನೊಮ್ಮೆ ನೋಡಿ, ಟೆಸ್ಟ್ ಲ್ಯಾಂಪನ್ನು ಮೊಳೆಗೆ ಸಿಕ್ಕಿಸಿದರು.